ಎರಚಲು ತಡೆಯೋ ಕಿಟಕಿ ಯಾವುದು?

ಪ್ರಶ್ನೆ: ನಮ್ಮದು ಬಣಕಲ್ ಹತ್ತಿರದ ಹಳೇ ಹೆಂಚಿನ ಮನೆ. ಮಾವನವರ ಕಾಲದ ಹಲಸಿನ ಮರದ ಕಿಟಕಿಗಳು. ಮಳೆ ಹಿಡಿಯಿತೆಂದರೆ ಪಶ್ಚಿಮದ ಎರಡು ಕೋಣೆಗಳಲ್ಲಿ ನೀರು ಒಳಗಿಳಿದು ಹಾಸಿಗೆ ನೆನೆಯುತ್ತದೆ. ಕಿಟಕಿ ಬಾಗಿಲು ಉಬ್ಬಿ ಮುಚ್ಚೋಕೇ ಆಗಲ್ಲ. ಆಚಾರ್ರು ತೇಗ ಅಂತಾರೆ, ಅಂಗಡಿಯವರು ಯುಪಿವಿಸಿ ಅನ್ನೋ ಗಟ್ಟಿ ಪ್ಲಾಸ್ಟಿಕ್‌ನ ಸ್ಲೈಡಿಂಗ್ ಅಂತಾರೆ, ಮಗ ಅಲ್ಯೂಮಿನಿಯಂ ಸಾಕು ಅಂತಾನೆ. ಹನ್ನೊಂದು ಕಿಟಕಿಯನ್ನೂ ಒಟ್ಟಿಗೆ ಬದಲಾಯಿಸೋಣ ಅಂತಿದ್ದೇವೆ. ಯಾವುದು ಒಳ್ಳೇದು ಮೇಡಂ?
– ಗೃಹಿಣಿ, ಮೂಡಿಗೆರೆ ತಾಲ್ಲೂಕು

ಉತ್ತರ: ದಯವಿಟ್ಟು ಹನ್ನೊಂದನ್ನೂ ಕೀಳಿಸಬೇಡಿ. ನೀರು ಬರುತ್ತಿರೋದು ಪಶ್ಚಿಮದ ಕೋಣೆಗಳಲ್ಲಿ ಮಾತ್ರ ಅಲ್ವಾ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಿಮ್ಮ ಕಡೆ ಗಾಳಿ ಬೀಸೋದೇ ಪಶ್ಚಿಮದ ಘಾಟಿಯ ದಿಕ್ಕಿನಿಂದ. ಬೇರೆ ಗೋಡೆಗಳ ಕಿಟಕಿ ಗಟ್ಟಿಯಾಗಿದ್ದರೆ ಹಾಗೇ ಇರಲಿ. ಬಲಿತ ಹಲಸಿನ ಚೇಗು, ಅಂದರೆ ಮರದ ನಡುವಿನ ಗಟ್ಟಿ ಭಾಗ, ಈಗ ದುಡ್ಡು ಕೊಟ್ಟರೂ ಸುಲಭವಾಗಿ ಸಿಗಲ್ಲ.

ಯಾವ ಮರ, ಯಾವ ಪ್ಲಾಸ್ಟಿಕ್ ಅನ್ನೋದು ಆಮೇಲಿನ ಮಾತು. ನೀರು ಎಲ್ಲಿಂದ ಬರುತ್ತಿದೆ ಅಂತ ಮೊದಲು ನೋಡಿ. ಒಣಗಿದ ದಿನ ಒಬ್ಬರು ಒಳಗೆ ನಿಲ್ಲಿ, ಇನ್ನೊಬ್ಬರು ಹೊರಗಿಂದ ಪೈಪ್ ಹಿಡಿಯಲಿ. ಮೊದಲು ಕಿಟಕಿಯ ಕೆಳಗಿನ ಕಟ್ಟೆಗೆ ಹತ್ತು ನಿಮಿಷ, ಆಮೇಲೆ ಎರಡು ಪಕ್ಕಕ್ಕೆ, ಕೊನೆಗೆ ಮೇಲಕ್ಕೆ. ಒಮ್ಮೆಗೇ ಮೇಲಿನಿಂದ ಬಿಟ್ಟರೆ ಯಾವ ಸಂದಿಯದ್ದು ಅಂತ ಗೊತ್ತಾಗಲ್ಲ. ಎಷ್ಟೋ ಮನೆಗಳಲ್ಲಿ ಕಿಟಕಿಯದ್ದು ತಪ್ಪೇ ಇರೋದಿಲ್ಲ. ಕಟ್ಟೆ ಒಳಗಡೆಗೆ ಇಳಿಜಾರಾಗಿರುತ್ತದೆ, ಇಲ್ಲವೇ ಚೌಕಟ್ಟಿಗೂ ಗೋಡೆಗೂ ನಡುವಿನ ಗಾರೆ ಬಿಟ್ಟಿರುತ್ತದೆ. ಅದು ಗಾರೆ ಮೇಸ್ತ್ರಿಯ ಕೆಲಸ. ಕಟ್ಟೆಯನ್ನು ಹೊರಕ್ಕೆ ಇಳಿಜಾರು ಮಾಡಿಸಿ. ಸಜ್ಜಾ ಇದ್ದರೆ ಅದರ ಅಡಿ ಅಂಚಿನಲ್ಲಿ ಉದ್ದಕ್ಕೆ ಒಂದು ಗೀರು ತೆಗೆಸಿ. ನೀರು ಅಡಿಯಲ್ಲೇ ಹರಿದು ಗೋಡೆಗೆ ಬರದೆ ಅಲ್ಲೇ ತೊಟ್ಟಿಕ್ಕುತ್ತದೆ.

ಇನ್ನು ಉಬ್ಬೋ ವಿಷಯ. ಕಿಟಕಿ ಬಾಗಿಲಿನ ಅಡಿ ಅಂಚನ್ನು ಬೆರಳಲ್ಲಿ ಸವರಿ ನೋಡಿ. ಮುಂದೆ, ಹಿಂದೆ ನುಣ್ಣಗೆ ಪೇಂಟ್ ಇರುತ್ತದೆ. ಅಡಿಯಲ್ಲಿ ಮಾತ್ರ ಬರೀ ಮರ, ಒರಟು ಒರಟು. ಪೇಂಟರ್ ಬಾಗಿಲು ಬಿಚ್ಚದೆ ಬಳಿದಿರುತ್ತಾನೆ, ಬ್ರಷ್ ಅಲ್ಲಿಗೆ ಹೋಗಿರಲ್ಲ. ಮರ ಅತಿ ಹೆಚ್ಚು ನೀರು ಕುಡಿಯೋದು ಕೊಯ್ದ ತುದಿಯಿಂದಲೇ. ಉದ್ದ ಪಟ್ಟಿಗಳ ಕೊಯ್ದ ತುದಿ ಇರೋದು ಈ ಅಡಿ ಅಂಚಿನಲ್ಲಿ. ಫೆಬ್ರವರಿ, ಮಾರ್ಚ್‌ನಲ್ಲಿ ಮರ ಚೆನ್ನಾಗಿ ಒಣಗಿದಾಗ ಬಾಗಿಲು ಬಿಚ್ಚಿಸಿ, ಆರೂ ಮುಖಕ್ಕೆ ಪ್ರೈಮರ್, ಪೇಂಟ್ ಹೊಡೆಸಿ. ಜುಲೈನಲ್ಲಿ ಬಿಗಿಯಾಯಿತು ಅಂತ ಕೀಸುಳಿ ಹಾಕಿ ಹೆರೆಸಬೇಡಿ. ಬೇಸಿಗೆಯಲ್ಲಿ ಮರ ಕುಗ್ಗಿದಾಗ ದೊಡ್ಡ ಸಂದಿ ಬೀಳುತ್ತದೆ, ಮುಂದಿನ ಮಳೆಗೆ ಅದೇ ದಾರಿ.

ಇಷ್ಟು ಮಾಡಿಸಿದ ಮೇಲೂ ಆ ಎರಡು ಕೋಣೆಯ ಕಿಟಕಿ ಬದಲಾಯಿಸಲೇಬೇಕು ಅನ್ನಿಸಿದರೆ ಯುಪಿವಿಸಿ ಹಾಕಿಸಿ, ಆದರೆ ಸ್ಲೈಡಿಂಗ್ ಬೇಡ. ಸ್ಲೈಡಿಂಗ್ ಕಿಟಕಿಯ ಸಂದಿ ಮುಚ್ಚೋದು ಬ್ರಷ್‌ನಂಥ ಪಟ್ಟಿ. ಅದು ಧೂಳಿಗೆ ಸಾಕು, ಎರಚಲಿಗೆ ಸಾಲದು. ಕೆಳಗಿನ ಹಳಿಯಲ್ಲಿ ನಿಂತ ನೀರನ್ನು ಗಾಳಿ ಒಳಕ್ಕೇ ತಳ್ಳುತ್ತದೆ. ಹೊರಕ್ಕೆ ತೆರೆಯುವ ಬಾಗಿಲಿನ ಕಿಟಕಿಯೇ ನಿಮ್ಮೂರಿಗೆ ಸರಿ. ಮುಚ್ಚಿದಾಗ ಸುತ್ತಲಿನ ರಬ್ಬರ್ ಒತ್ತಿ ಕೂರುತ್ತದೆ. ಅಂಗಡಿಯಲ್ಲೇ ಒಂದು ಕಾಗದದ ಚೂರು ಇಟ್ಟು ಬಾಗಿಲು ಮುಚ್ಚಿ ಎಳೆದು ನೋಡಿ. ಸಲೀಸಾಗಿ ಬಂದರೆ ಬೇರೆ ಅಂಗಡಿ ನೋಡಿ. ಒಂದು ಅಯಸ್ಕಾಂತವನ್ನೂ ಜೊತೆಗೆ ಒಯ್ಯಿರಿ. ಚೌಕಟ್ಟಿನೊಳಗೆ ಕಬ್ಬಿಣದ ಪಟ್ಟಿ ಇದ್ದರೆ ಅದು ಹಿಡಿಯುತ್ತದೆ. ಇಲ್ಲದಿದ್ದರೆ ದೊಡ್ಡ ಕಿಟಕಿ ಬಾಗುತ್ತದೆ. ಚೌಕಟ್ಟಿನ ಕೆಳಗಡೆ ನೀರು ಹೊರಹೋಗೋ ಸಣ್ಣ ತೂತುಗಳಿರುತ್ತವೆ. ಗಾರೆಯವರು ಅವನ್ನು ಸಿಮೆಂಟಿನಿಂದ ಮುಚ್ಚದಂತೆ ನೀವೇ ನಿಂತು ನೋಡಿಕೊಳ್ಳಿ. ಗ್ಯಾರಂಟಿ ಕಾಗದದಲ್ಲಿ ಫಿಟ್ಟಿಂಗ್ ಸೇರಿದೆಯಾ ಅಂತಲೂ ಓದಿ, ಸೋರೋದು ಹೆಚ್ಚಾಗಿ ಅಲ್ಲೇ.

ತೇಗ ನಿಜಕ್ಕೂ ಒಳ್ಳೇದೇ, ಅದರ ಚೇಗು ಮಾತ್ರ. ಅಂಚಿನ ಬೆಳ್ಳಗಿನ ಭಾಗ ಸೇರಿಸಿದರೆ ಗೆದ್ದಲು ಬಿಡಲ್ಲ. ಮಗ ಹೇಳೋ ಸಾಮಾನ್ಯ ಅಲ್ಯೂಮಿನಿಯಂ ಕಿಟಕಿಯ ಮೂಲೆಗಳು ಸ್ಕ್ರೂ ಹಾಕಿ ಜೋಡಿಸಿದವು. ಆ ಜೋಡಣೆಯ ಸಂದಿಯಲ್ಲಿ ನೀರು ಸೋರಬಹುದು, ಪಶ್ಚಿಮದ ಗೋಡೆಗೆ ನಾನು ಅದನ್ನು ಹೇಳಲಾರೆ.

ಪ್ರಶ್ನೆ: ಹಾಸನದ ಬಿ.ಎಂ. ರಸ್ತೆ ಪಕ್ಕ ಹೊಸ ಮನೆ ಕಟ್ಟಿಸುತ್ತಿದ್ದೇನೆ. ಲಾರಿ ಸದ್ದು ಜಾಸ್ತಿ. ಎರಡು ಗಾಜಿನ ಕಿಟಕಿ ಹಾಕಿಸಬೇಕಾ?
– ನಿವೃತ್ತ ಶಿಕ್ಷಕರು, ಹಾಸನ

ಉತ್ತರ: ರಸ್ತೆ ಕಡೆಯ ಮಲಗುವ ಕೋಣೆಗೆ ಮಾತ್ರ ಖರ್ಚು ಮಾಡಿ ಸರ್. ಗಾಳಿ ನುಗ್ಗೋ ಸಂದಿಯಿಂದ ಸದ್ದೂ ನುಗ್ಗುತ್ತದೆ. ಆದ್ದರಿಂದ ಅಲ್ಲೂ ಸ್ಲೈಡಿಂಗ್ ಬೇಡ. ಎರಡು ಗಾಜಿನ ನಡುವೆ ತೆಳು ಪದರ ಅಂಟಿಸಿದ ಲ್ಯಾಮಿನೇಟೆಡ್ ಗಾಜು ಕೇಳಿ. ಸದ್ದು ತಗ್ಗುತ್ತದೆ, ಒಡೆದರೂ ಚೂರು ಅಂಟಿಕೊಂಡೇ ಇರುತ್ತದೆ. ಹಿಂಬದಿ ಕೋಣೆಗಳಿಗೆ 5 ಮಿ.ಮೀ. ಸಾದಾ ಗಾಜು ಸಾಕು. ಪ್ಲಾಸ್ಟರ್ ಮುಗಿದ ಮೇಲೆಯೇ ಅಳತೆ ಕೊಡಿ. ಅಗಲವನ್ನು ಮೇಲೆ, ಮಧ್ಯೆ, ಕೆಳಗೆ ಮೂರು ಕಡೆ ಅಳೆಸಿ. ಮೂಲೆಯಿಂದ ಎದುರು ಮೂಲೆಗೆ ಓರೆಯಾಗಿ ಎರಡೂ ಕಡೆ ಟೇಪ್ ಹಿಡಿಸಿ. ಗ್ರಿಲ್, ಸೊಳ್ಳೆ ಜಾಲರಿ ಎಲ್ಲಿ ಬರುತ್ತದೆ ಅಂತ ಆರ್ಡರ್‌ಗೆ ಮೊದಲೇ ತಿಳಿಸಿ. ಗ್ರಿಲ್ ಒಳಗಡೆ ಬಂದರೆ ಅದರ ಸಂದಿಯಿಂದ ಕೈ ಹಾಕಿ ಹ್ಯಾಂಡಲ್ ತಿರುಗಿಸೋ ಹಾಗಿರಬೇಕು.