ಒಂದೇ ಮಗುವಿಗಾಗಿ ಆಟದ ಜಾಗವನ್ನು ಬದಲಿಸಬೇಕಾ?

ನಿಮ್ಮ ಅಪಾರ್ಟ್‌ಮೆಂಟಿನ ಆಟದ ಜಾಗವನ್ನು ಹೊಸದಾಗಿ ಮಾಡಿಸುತ್ತಿದ್ದೀರಿ. ವೀಲ್‌ಚೇರಿನಲ್ಲಿ ಓಡಾಡುವ ಮಗು ಇರುವುದು ಒಂದೇ, ಅದಕ್ಕಾಗಿ ಜಾಸ್ತಿ ಖರ್ಚು ಮಾಡಬೇಕಾ ಎಂದು ಕೇಳಿದ್ದೀರಿ. ನನ್ನ ಮಗಳಿಗೆ ಸೆರೆಬ್ರಲ್ ಪಾಲ್ಸಿ ಇದೆ, ಅಂದರೆ ಮೆದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗುವುದಿಲ್ಲ. ಅವಳಿಗೀಗ ಒಂಬತ್ತು ವರ್ಷ. ನನ್ನ ಉತ್ತರ ಒಂದು ಕಡೆಗೆ ವಾಲಿರುತ್ತದೆ ಅಂದುಕೊಂಡೇ ಓದಿ.

ಮೊದಲು ಆ 'ಒಂದೇ ಮಗು' ಲೆಕ್ಕ. ನಮ್ಮ ಮನೆ ಹತ್ತಿರದ ಪಾರ್ಕಿನ ಗೇಟಲ್ಲಿ ಬೈಕು ಬರಬಾರದು ಅಂತ ಕಬ್ಬಿಣದ ಗೂಟ ನೆಟ್ಟಿದ್ದಾರೆ. ಬೈಕಿನವರು ಹೇಗೋ ನುಗ್ಗುತ್ತಾರೆ, ನಮ್ಮ ವೀಲ್‌ಚೇರ್ ಮಾತ್ರ ನುಗ್ಗುವುದಿಲ್ಲ. ಎರಡು ವರ್ಷ ಅವಳನ್ನು ಎತ್ತಿಕೊಂಡೇ ಒಳಗೆ ಹೋಗುತ್ತಿದ್ದೆ. ಅವಳ ತೂಕ ಹೆಚ್ಚಿತು, ನನ್ನ ಬೆನ್ನು ಕೇಳಲಿಲ್ಲ, ಹೋಗುವುದನ್ನೇ ಬಿಟ್ಟೆವು. ಈಗ ಅಲ್ಲಿ ಹೋಗಿ ಎಣಿಸಿದರೆ ಅಂಥ ಮಗು ಒಂದೂ ಸಿಗುವುದಿಲ್ಲ! 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳ ಪಟ್ಟಿ ಇದೆ. ಆಟಿಸಂ, ಕಿವುಡು ಹೀಗೆ ಎಷ್ಟೋ ನೋಡಿದ ತಕ್ಷಣ ಗೊತ್ತಾಗುವುದಿಲ್ಲ. ನಿಮ್ಮಲ್ಲೂ ಒಂದೇ ಇರಲಿಕ್ಕಿಲ್ಲ.

ಬೆಂಗಳೂರಿನವರಾದರೆ ಕೋಲ್ಸ್ ಪಾರ್ಕಿಗೆ ಒಮ್ಮೆ ಹೋಗಿ ಬನ್ನಿ. ಅಂಗವಿಕಲ ಮಕ್ಕಳ ತಂದೆತಾಯಿಯರ 'ಕಿಲಿಕಿಲಿ' ಎಂಬ ಸಂಸ್ಥೆ ಪಾಲಿಕೆಯ ಜೊತೆ ಸೇರಿ, ಎಲ್ಲ ಮಕ್ಕಳೂ ಒಟ್ಟಿಗೆ ಆಡಲಿ ಅಂತ ಅಲ್ಲಿ ಜಾಗ ಮಾಡಿಸಿದೆ.

ನಾನು ಕಂಡ ಲಾಭ ಹೇಳುತ್ತೇನೆ. ಮಲಗಿಕೊಂಡೂ ಆಡಬಹುದಾದ ದೊಡ್ಡ ಬುಟ್ಟಿಯಂಥ ಉಯ್ಯಾಲೆ ಬರುತ್ತದಲ್ಲ, ಅದರಲ್ಲಿ ಒಂದು ಸಂಜೆ ಮಗಳು ಆಡುತ್ತಿದ್ದಳು. ಒಬ್ಬ ಪುಟ್ಟ ಹುಡುಗ ಬಂದು "ನೀನ್ಯಾಕೆ ನಡೆಯಲ್ಲ?" ಅಂದ. ಅವನಮ್ಮ "ಶ್, ಹಾಗೆಲ್ಲ ಕೇಳಬಾರದು" ಅಂತ ಕೈಹಿಡಿದು ಎಳೆದರು. ಇವಳು ನಿಧಾನಕ್ಕೆ "ಕಾಲು ನನ್ ಮಾತು ಕೇಳಲ್ಲ" ಅಂದಳು. "ಸರಿ, ನಾನೂ ಹತ್ಲಾ?" ಹತ್ತಿದ. ಐದು ನಿಮಿಷಕ್ಕೆ ಜಾಗಕ್ಕಾಗಿ ಇಬ್ಬರಿಗೂ ಜಗಳ! ಫಿಸಿಯೋಥೆರಪಿಯಲ್ಲಿ ಕೈ ಎತ್ತು ಅಂದರೆ ಅಳುವವಳು, ಅವನನ್ನು ಆಚೆ ದಬ್ಬುವುದಕ್ಕೆ ಎರಡೂ ಕೈ ಎತ್ತಿದಳು. ಹೊರಗಿನ ಮಗುವಿನ ಜೊತೆ ಅವಳ ಮೊದಲ ಜಗಳ ಅದು. ನಾನು ಬಿಡಿಸಲು ಹೋಗಲಿಲ್ಲ.

ಇನ್ನು ಖರ್ಚು. ಎಲ್ಲವನ್ನೂ ಕಿತ್ತು ಹಾಕಬೇಕಿಲ್ಲ. ಗೇಟು ಮೂರು ಅಡಿ ಅಗಲ ಇರಲಿ. ರ‍್ಯಾಂಪ್ ಕಡಿದಾಗಿದ್ದರೆ ಸುಮ್ನೆ ದಂಡ: ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ ಬೇಕು. ಅದನ್ನು ಹೆಚ್ಚು ಬಳಸುವವರು ಮೊಮ್ಮಕ್ಕಳನ್ನು ಕರೆತರುವ ಅಜ್ಜಿಯರೇ, ನೋಡುತ್ತಿರಿ. ನೆಲಕ್ಕೆಲ್ಲ ಮರಳು ಸುರಿಯಬೇಡಿ, ಗಾಲಿ ಹೂತುಹೋಗುತ್ತದೆ. ರಬ್ಬರ್ ನೆಲ ಒಳ್ಳೆಯದು, ಆದರೆ ಏಪ್ರಿಲ್ ಬಿಸಿಲಿಗೆ ಕಾದ ಹೆಂಚಾಗುತ್ತದೆ, ನೆರಳಿರುವ ಕಡೆ ಹಾಕಿಸಿ. ಪ್ಲಾಸ್ಟಿಕ್ ಜಾರುಬಂಡೆಯಲ್ಲಿ ಜಾರುವಾಗ ಮೈಗೆ ಸಣ್ಣ ಕರೆಂಟು ಹೊಡೆದ ಹಾಗಾಗುತ್ತದಲ್ಲ, ಕಿವಿ ಕೇಳಿಸಲೆಂದು ಆಪರೇಷನ್ ಮಾಡಿ ಕೂರಿಸುವ ಕಾಕ್ಲಿಯರ್ ಇಂಪ್ಲಾಂಟ್ ಹಾಕಿರುವ ಮಕ್ಕಳ ಯಂತ್ರಕ್ಕೆ ಅದರಿಂದ ತೊಂದರೆಯಾಗಬಹುದು. ಅದಕ್ಕೇ ಆ ಯಂತ್ರದ ಹೊರಗೆ ಹಾಕಿಕೊಳ್ಳುವ ಭಾಗ ತೆಗೆದಿಟ್ಟು ಜಾರಲು ಹೇಳುತ್ತಾರೆ. ಗಲಾಟೆ ಸಹಿಸಲಾಗದ ಮಕ್ಕಳಿಗೆ ಒಂದು ಮೂಲೆಯಲ್ಲಿ ಬೆಂಚು ಸಾಕು.

ಕೊಟೇಶನ್ ತರಿಸುವ ಮೊದಲು ಆ ಮಗುವನ್ನೇ ಕೇಳಿ. ನಾನು ಉಯ್ಯಾಲೆ ಉಯ್ಯಾಲೆ ಅಂತ ಓಡಾಡುತ್ತಿದ್ದಾಗ, ನಮ್ಮವಳು ಕೇಳಿದ್ದು ವೀಲ್‌ಚೇರಿನಲ್ಲಿ ಕೂತೇ ಮರಳಲ್ಲಿ ಆಡಲು ಒಂದು ಎತ್ತರದ ಮೇಜು.