ಶಿಲ್ಪಿಯೊಬ್ಬರು ಹಳೆ ಪದ್ಧತಿಯ ಕುಂಬಾರಿಕೆ ಕಲಿಯಲು ಎಲ್ಲಿಂದ ಶುರು ಮಾಡಬೇಕು?

ಕಲ್ಲು, ಪ್ಲಾಸ್ಟರ್‌ನಲ್ಲಿ ಕೆಲಸ ಮಾಡಿ ರೂಢಿ ಇದೆ, ಈಗ ಬೆಳಗಾವಿ, ಬಾಗಲಕೋಟೆ ಕಡೆಯ ಹಳೆ ಮಣ್ಣಿನ ಕೆಲಸ ಕಲಿಯಬೇಕು, ಮೊದಲು ಒಂದು ವಿದ್ಯುತ್ ತಿಗರಿ (ಕುಂಬಾರರ ಚಕ್ರ) ಕೊಳ್ಳಲಾ ಎಂದು ಕೇಳಿದ್ದೀರಿ. ನಾನೂ ಶಿಲ್ಪಿ. ಖಾನಾಪುರ ತಾಲ್ಲೂಕಿನ ಒಂದು ಕುಂಬಾರರ ಮನೆಯಲ್ಲಿ ಈ ಕೆಲಸ ಕಲಿತೆ. ತಿಗರಿ ಈಗಲೇ ಬೇಡ. ಮೊದಲು ಮಣ್ಣು ಕಲಿಯಿರಿ, ಆಮೇಲೆ ಬೆಂಕಿ. ಆಕಾರ ನಿಮ್ಮ ಕೈಗೆ ಆಗಲೇ ಗೊತ್ತಿದೆ, ಅಲ್ವಾ? ಗೊತ್ತಿಲ್ಲದ್ದು ಆ ಆಕಾರ ಒಣಗುವಾಗ, ಸುಡುವಾಗ ಏನಾಗುತ್ತದೆ ಎಂಬುದು.

ನಮ್ಮ ಕಡೆ ಮಣ್ಣು ಊರಿಂದ ಊರಿಗೆ ಬೇರೆ. ಖಾನಾಪುರ ಭಾಗ ಮಲೆನಾಡಿನ ಸೆರಗು. ಮಳೆ ಜಾಸ್ತಿ, ನೆಲ ಕೆಂಪು, ತಗ್ಗಿನ ಜಾಗಗಳಲ್ಲಿ ಒಳ್ಳೆ ಜೇಡಿಮಣ್ಣು. ಹಂಚಿನ ಕಾರ್ಖಾನೆಗಳು ಅಲ್ಲಿ ನೆಲೆಯೂರಿದ್ದೂ ಈ ಮಣ್ಣಿನಿಂದಲೇ. ವಿಜಯಪುರ, ಬಾಗಲಕೋಟೆ ಕಡೆ ಬಹುಪಾಲು ಕರಿ ಎರೆ. ಅದು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಬೇಸಿಗೆಯ ಹೊಲದಲ್ಲಿ ಕಾಣುವ ಬಿರುಕೇ ನಿಮ್ಮ ಮೂರ್ತಿಯ ಮೇಲೂ ಬರುತ್ತದೆ. ಅದಕ್ಕೇ ಆ ಕಡೆಯವರು ಬರಿ ಎರೆಮಣ್ಣನ್ನು ನಂಬಿ ಕೂರುವುದಿಲ್ಲ. ಕೆರೆಯ ಹೂಳು ತರುತ್ತಾರೆ, ಕೆಂಪು ಮಣ್ಣು, ಸಣ್ಣ ಮರಳು, ಬೂದಿ ಬೆರೆಸಿ ಹದ ಮಾಡುತ್ತಾರೆ.

ಎರೆಮಣ್ಣಿನಲ್ಲಿ ಇನ್ನೊಂದು ಅಪಾಯ ಇದೆ, ಸುಣ್ಣದ ಹರಳು. ಸುಡುವಾಗ ಈ ಹರಳು ಸುಟ್ಟ ಸುಣ್ಣವಾಗುತ್ತದೆ. ಆವಿಗೆಯಿಂದ, ಅಂದರೆ ಮಡಕೆ ಸುಡುವ ಒಲೆಯಿಂದ, ತೆಗೆದಾಗ ಎಲ್ಲ ಚೆನ್ನಾಗಿಯೇ ಕಾಣುತ್ತದೆ. ಕೆಲವು ದಿನ ಬಿಟ್ಟು ಗಾಳಿಯ ತೇವ ಕುಡಿದು ಸುಣ್ಣ ಉಬ್ಬಿ, ಮೇಲಿನ ಪದರವನ್ನು ಚಕ್ಕೆ ಎಬ್ಬಿಸುತ್ತದೆ. ಮಣ್ಣನ್ನು ನೀರಲ್ಲಿ ಕದಡಿ, ಸಣ್ಣ ಜರಡಿಯಲ್ಲಿ ಸೋಸಿ, ಸೋಸಿದ ನೀರಿನ ತಳಕ್ಕೆ ಕೂತ ನಯವಾದ ಮಣ್ಣನ್ನು ಬಳಸುವುದು ಇದಕ್ಕಾಗಿ. ಸಂಶಯ ಬಂದ ಹರಳಿನ ಮೇಲೆ ನಿಂಬೆಹುಳಿ ಹಿಂಡಿ ನೋಡಿ. ಸುಣ್ಣವಿದ್ದರೆ ನೊರೆ ಏಳುತ್ತದೆ.

ಎರಡು ಪರೀಕ್ಷೆ ಕೈಗೆ ರೂಢಿಯಾಗಲಿ. ಹದ ಮಾಡಿದ ಮಣ್ಣನ್ನು ಪೆನ್ಸಿಲ್ ದಪ್ಪಕ್ಕೆ ಹೊಸೆದು ಬೆರಳಿಗೆ ಸುತ್ತಿ. ಸೀಳಿದರೆ ಜಿಗುಟು ಸಾಲದು. ಆಮೇಲೆ ಒಂದು ಬಿಲ್ಲೆ ಮಾಡಿ ಮೇಲೆ 10 ಸೆಂ.ಮೀ. ಗೆರೆ ಎಳೆಯಿರಿ. ಒಣಗಿಸಿ, ಸುಟ್ಟು, ಅಳೆಯಿರಿ. ಗೆರೆ 9 ಸೆಂ.ಮೀ. ಆಗಿದ್ದರೆ ಆ ಮಣ್ಣು ನೂರಕ್ಕೆ 10ರಷ್ಟು ಕುಗ್ಗಿದೆ ಎಂದರ್ಥ. ಶಿಲ್ಪಿಗೆ ಈ ಲೆಕ್ಕ ತುಂಬಾ ಮುಖ್ಯ. ನೀವು ಒಳಗೆ ಕಬ್ಬಿಣದ ಸರಳು ಇಟ್ಟು ಮೂರ್ತಿ ಕಟ್ಟುವವರು. ಸುಡುವ ಕೆಲಸದಲ್ಲಿ ಅದು ನಡೆಯುವುದಿಲ್ಲ. ಮಣ್ಣು ಕುಗ್ಗುತ್ತದೆ, ಸರಳು ಕುಗ್ಗುವುದಿಲ್ಲ, ಮೂರ್ತಿ ಒಡೆಯುತ್ತದೆ.

ಹಾಗಾದರೆ ದೊಡ್ಡ ಆಕಾರ ನಿಲ್ಲುವುದು ಹೇಗೆ? ಹರವಿ, ಅಂದರೆ ನೀರಿನ ದೊಡ್ಡ ಮಡಕೆ, ಮಾಡುವುದನ್ನು ಕೂತು ನೋಡಿ. ತಿಗರಿಯ ಮೇಲೆ ಏಳುವುದು ಬಾಯಿ, ಕಂಠ, ದಪ್ಪ ಗೋಡೆ ಮಾತ್ರ. ಹೊಟ್ಟೆ ಇನ್ನೂ ಬಂದಿರುವುದಿಲ್ಲ, ಎಷ್ಟೋ ಸಲ ತಳವೇ ಇರುವುದಿಲ್ಲ. ಸ್ವಲ್ಪ ಆರಿದ ಮೇಲೆ ಒಳಗೆ ಒಂದು ಕೈಯಲ್ಲಿ ಗುಂಡುಕಲ್ಲು ಹಿಡಿದು, ಹೊರಗಿನಿಂದ ಮರದ ಹಲಗೆಯಲ್ಲಿ ತಟ್ಟುತ್ತಾ ಗೋಡೆಯನ್ನು ತೆಳು ಮಾಡಿ ಹೊಟ್ಟೆ ಬಿಡಿಸುತ್ತಾರೆ, ತಳ ಮುಚ್ಚುತ್ತಾರೆ. ತಟ್ಟಿದಷ್ಟೂ ಮಣ್ಣು ಬಿಗಿಯಾಗುತ್ತದೆ. ನನಗೆ ಶಿಲ್ಪದ ನಿಜವಾದ ಪಾಠ ಸಿಕ್ಕಿದ್ದು ಇಲ್ಲಿ. ಕಲ್ಲಿನಲ್ಲಿ ನಾವು ಹೊರಗಿನಿಂದ ಕಡಿಯುತ್ತಾ ಒಳಗೆ ಹೋಗುತ್ತೇವೆ. ಇಲ್ಲಿ ಆಕಾರ ಒಳಗಿನಿಂದ ಉಬ್ಬಿ ಹೊರಗೆ ಬರುತ್ತದೆ. ಈಗ ನನ್ನ ಮೂರ್ತಿಗಳ ತಲೆ, ಎದೆ ಎಲ್ಲವನ್ನೂ ಹೀಗೆ ಟೊಳ್ಳಾಗಿಯೇ ತಟ್ಟಿ ಕಟ್ಟುತ್ತೇನೆ. ಚರ್ಮದ ಬಿಗಿ ಬೇರೆ ಯಾವ ದಾರಿಯಲ್ಲೂ ಇಷ್ಟು ಚೆನ್ನಾಗಿ ಬಂದಿಲ್ಲ.

ಸುಡುವುದರ ಬಗ್ಗೆ. ಊರ ಆವಿಗೆಯಲ್ಲಿ ಕುಳ್ಳು (ಬೆರಣಿ), ಕಟ್ಟಿಗೆ, ಹುಲ್ಲು ಪದರ ಪದರ ಒಟ್ಟಿ, ಮೇಲೆ ಒಡೆದ ಗಡಿಗೆ ಚೂರು, ಮಣ್ಣು ಮುಚ್ಚುತ್ತಾರೆ. ಕಾವು ಸಾಮಾನ್ಯವಾಗಿ 600ರಿಂದ 900 ಡಿಗ್ರಿ ಸೆಲ್ಸಿಯಸ್ ಒಳಗೇ ಇರುತ್ತದೆ. 100 ಡಿಗ್ರಿ ದಾಟುವಾಗ ಒಳಗೆ ತೇವ ಉಳಿದಿದ್ದರೆ ಹಬೆ ಒತ್ತಿ ಮೂರ್ತಿ ಸಿಡಿಯುತ್ತದೆ. ಲದ್ದಿ, ಬೂದಿ, ಮರಳು ಬೆರೆಸುವುದು ಹಬೆಗೆ ದಾರಿಯಾಗಲಿ ಎಂದೇ. “ಇನ್ನೂ ಹಸಿ ಐತ್ರೀ, ಅವಸರ ಮಾಡಬ್ಯಾಡ್ರಿ” ಎಂದು ನನಗೆ ಕಲಿಸಿದ ಕಾಕಾ ಮೂರ್ತಿಯನ್ನು ಕೆನ್ನೆಗೆ ತಾಗಿಸಿ ಹೇಳುತ್ತಿದ್ದರು. ತಣ್ಣಗಿದ್ದರೆ ತೇವ ಇದೆ ಎಂದು ಲೆಕ್ಕ. ಗಾಳಿ ಚೆನ್ನಾಗಿ ಆಡಿದರೆ ಮಣ್ಣಿನ ಕಬ್ಬಿಣದ ಅಂಶ ಕೆಂಪಾಗುತ್ತದೆ. ಕೊನೆಗೆ ಗಾಳಿ ಕಟ್ಟಿ ಹೊಗೆ ಕೂಡಿಸಿದರೆ ಅದೇ ಮಣ್ಣು ಕಪ್ಪಾಗುತ್ತದೆ. ಬಣ್ಣ ಬಳಿಯುವ ಮುಂಚೆ ಈ ಎರಡನ್ನು ಕಲಿತರೆ ಸಾಕು ಎನ್ನುವವನು ನಾನು.

ಹೋಗಬೇಕಾದ ಜಾಗ? ಖಾನಾಪುರದಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕೇಂದ್ರೀಯ ಗ್ರಾಮ ಕುಂಬಾರಿಕೆ ಸಂಸ್ಥೆ ಇದೆ, ತರಬೇತಿ ವಿಚಾರಿಸಿ. ಗೋಕಾಕದಲ್ಲಿ ಮರದ ಗೊಂಬೆ ಮಾಡುವವರನ್ನು ನೋಡಿ. ಸ್ವಲ್ಪ ದೂರವಾದರೂ ಕೊಪ್ಪಳದ ಕಿನ್ನಾಳಕ್ಕೆ ಹೋಗಿ. ಅಲ್ಲಿ ಹುಣಸೆಬೀಜದ ಅಂಟು, ಗೋಣಿಚೂರು, ಮರದ ಹೊಟ್ಟು ಸೇರಿಸಿ ಮಾಡುವ ಕಿಟ್ಟ ಶಿಲ್ಪಿಗೆ ಬಹಳ ಉಪಯೋಗದ ವಸ್ತು.

ಆದರೆ ಸಂಸ್ಥೆಯಲ್ಲಿ ಸಿಗದ ಪಾಠ ಹಬ್ಬಗಳಲ್ಲಿದೆ. ಕಾರಹುಣ್ಣಿಮೆ ಮುಗಿದು ಮಣ್ಣೆತ್ತಿನ ಅಮಾವಾಸ್ಯೆ ಬರುತ್ತದೆ, ಆಷಾಢದ ಮಂಗಳವಾರಗಳಿಗೆ ಗುಳ್ಳವ್ವ ಎಂಬ ಮಣ್ಣಿನ ದೇವತೆ, ಪಂಚಮಿಗೆ ಮಣ್ಣಿನ ನಾಗಪ್ಪ, ಗಣಪತಿ, ಅವನ ಹಿಂದೆಯೇ ಜಾನಪದ ದೇವರು ಜೋಕುಮಾರ. ದೀಪಾವಳಿ ಪಾಡ್ಯಕ್ಕೆ ಹೆಣ್ಣುಮಕ್ಕಳು ಸಗಣಿಯಲ್ಲಿ ಪಾಂಡವರನ್ನು ಮಾಡಿ ಹೂ ಸಿಕ್ಕಿಸುತ್ತಾರೆ. ಇವು ಯಾವುವೂ ಸುಟ್ಟವಲ್ಲ, ಉಳಿಯಲೆಂದು ಮಾಡಿದವೂ ಅಲ್ಲ. ಎತ್ತಿನ ಹಿಣಿಲು (ಬೆನ್ನಿನ ಡುಬ್ಬ), ಕೋಡು, ಮುಗಿದು ಹೋಯಿತು, ಆದರೂ ಅದು ಎತ್ತೇ. ಇಷ್ಟು ಕಡಿಮೆಯಲ್ಲಿ ಇಷ್ಟು ಹೇಳುವ ಕೈಗಳನ್ನು ನಾನು ಕಾಲೇಜಿನಲ್ಲಿ ನೋಡಿರಲಿಲ್ಲ. ಒಂದು ವರ್ಷದ ಹಬ್ಬ ಪೂರ್ತಿ ನೋಡಿ, ಪುಸ್ತಕದಲ್ಲಿ ಗೀಚಿಕೊಳ್ಳಿ. ಜೋಕುಮಾರನನ್ನು ಮಾತ್ರ ಶೋಕೇಸಿಗೆಂದು ಮಾಡಿಸಬೇಡಿ. ಅವನು ಅಷ್ಟಮಿಗೆ ಹುಟ್ಟಿ ಹುಣ್ಣಿಮೆಗೆ ಸಾಯುವವನು. ಬೇವಿನ ಸೊಪ್ಪಿನ ಬುಟ್ಟಿಯಲ್ಲಿ ಅವನನ್ನು ಹೊತ್ತು ಮನೆಮನೆಗೆ ಹಾಡುತ್ತಾ ಹೋಗುವ ಹೆಣ್ಣುಮಕ್ಕಳ ನಂಬಿಕೆ ಅದು.

ಇನ್ನು ನಡವಳಿಕೆ. ತಿಗರಿ ಇರುವ ಜಾಗಕ್ಕೆ ಚಪ್ಪಲಿ ಬಿಟ್ಟು ಹೋಗಿ. ಮಳೆಗಾಲದಲ್ಲಿ ಆವಿಗೆ ಹಾಕುವುದು ಕಷ್ಟ, ದೀಪಾವಳಿ ಮುಂಚೆ ಹಣತೆಯ ಗಡಿಬಿಡಿ. ಆಗ ಸುಮ್ನೆ ಪ್ರಶ್ನೆ ಕೇಳುತ್ತಾ ಕೂರಬೇಡಿ, ಮಣ್ಣು ತುಳಿಯಲು ಕೈಜೋಡಿಸಿ. ಕಲಿಸಿದವರಿಗೆ ದಿನದ ಕೂಲಿಗಿಂತ ಕಡಿಮೆ ಕೊಡಬೇಡಿ, ಅವರ ಕೆಲಸ ನಿಂತ ಹೊತ್ತಿಗೂ ಬೆಲೆ ಇದೆ. ನಾಳೆ ನಿಮ್ಮ ಪ್ರದರ್ಶನ ನಡೆದಾಗ, ಅವರು ಒಪ್ಪಿದರೆ, ಅವರ ಹೆಸರನ್ನೂ ನಿಮ್ಮ ಹೆಸರಿನ ಪಕ್ಕದಲ್ಲಿ ಹಾಕಿ. ತಿಗರಿ ಕೊಳ್ಳುವ ಮಾತನ್ನು ಮೊದಲ ಆವಿಗೆ ಇಳಿಸಿದ ಮೇಲೆ ನೋಡೋಣ. ಆಗ ಎಂಥದ್ದು ಬೇಕು ಎಂದು ಕೇಳಿ, ಹೇಳುತ್ತೇನೆ.