ಬ್ಲೂ ಕಾರ್ಡಿನವರ ಹೆಂಡತಿಗೆ ಜರ್ಮನ್ ಬೇಡವೇ?

"ಯಜಮಾನರಿಗೆ ಬ್ಲೂ ಕಾರ್ಡ್ ಇದೆ, ಹಾಗಾಗಿ ನನಗೆ ಎ1 ಸರ್ಟಿಫಿಕೇಟ್ ಬೇಡವಂತೆ. ಜರ್ಮನಿಗೆ ಬಂದ ಮೇಲೆ ಇಂಟಿಗ್ರೇಷನ್ ಕೋರ್ಸ್ ಕಡ್ಡಾಯವೇ, ತಪ್ಪಿಸಿಕೊಳ್ಳಬಹುದೇ?" ಎಂದು ಕೇಳಿದ್ದೀರಿ. ಬಂದ ಹೊಸದರಲ್ಲಿ ನಾನು ಕೇಳಿದ್ದೂ ಇದನ್ನೇ, 'ತಪ್ಪಿಸಿಕೊಳ್ಳಬಹುದೇ' ಎಂಬ ಮಾತನ್ನೂ ಸೇರಿಸಿ.

ಬ್ಲೂ ಕಾರ್ಡ್ ಎಂದರೆ ಉನ್ನತ ಕೌಶಲದ ಉದ್ಯೋಗಿಗಳಿಗೆ ಕೊಡುವ ವಾಸದ ಪರ್ಮಿಟ್, ಎ1 ಎಂದರೆ ಜರ್ಮನ್ ಭಾಷೆಯ ಮೊದಲ ಮಟ್ಟ. ಆ ವಿನಾಯಿತಿ ನಿಜ. ಬೇರೆ ಪರ್ಮಿಟ್‌ನವರನ್ನು ಮದುವೆಯಾದವರು ಸಾಮಾನ್ಯವಾಗಿ ಗೋಯ್ಥೆ, ಟೆಲ್ಕ್ ಥರದ ಸಂಸ್ಥೆಯ ಪರೀಕ್ಷೆಯಲ್ಲಿ 100ಕ್ಕೆ 60 ತೆಗೆದು ತೋರಿಸಬೇಕು, ನಿಮಗೆ ಅದಿಲ್ಲ. ಕೆಲಸ ಮಾಡಬಹುದೇ ಅಂದಿರಿ, ಮಾಡಬಹುದು, ಬೇರೆ ಅನುಮತಿ ಬೇಡ. ಅರ್ಜಿ ಹಾಕಬೇಕಾದ್ದು 90 ದಿನ ಮೀರಿದ ವಾಸಕ್ಕೆ ಕೊಡುವ ಡಿ ವೀಸಾಕ್ಕೆ, ಶುಲ್ಕ 75 ಯೂರೋ. ಕಾನ್ಸುಲೇಟ್ ಕೊಟ್ಟ ಪಟ್ಟಿ ಯಾವ ಕ್ರಮದಲ್ಲಿದೆಯೋ ಅದೇ ಕ್ರಮದಲ್ಲಿ ಕಾಗದ ಜೋಡಿಸಿ. ಅದರ ಬಗ್ಗೆ ಇನ್ನು ಹೆಚ್ಚು ಹೇಳಲಾರೆ, ಪಟ್ಟಿ ಆಗಾಗ ಬದಲಾಗುತ್ತದೆ.

ಹೆಸರಿನ ವಿಷಯ ಮಾತ್ರ ಈಗಲೇ ನೋಡಿಕೊಳ್ಳಿ. ನಮ್ಮ ಇನಿಶಿಯಲ್‌ಗಳಲ್ಲಿ ಒಂದು ಊರು, ಇನ್ನೊಂದು ಅಪ್ಪ ಎಂದು ನಮಗೆ ಗೊತ್ತು, ಇಲ್ಲಿನ ಗುಮಾಸ್ತರಿಗೆ ಹೇಗೆ ಗೊತ್ತಾಗಬೇಕು? ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿಯಿದ್ದರೆ ಒಂದು ಕಚೇರಿ ಇಡೀ ಹೆಸರನ್ನೇ ಮನೆತನದ ಹೆಸರು ಎಂದು ಬರೆದುಕೊಳ್ಳುತ್ತದೆ, ಇನ್ನೊಂದು ಬೇರೆ ಥರ ಒಡೆಯುತ್ತದೆ. ಮೊದಲ ನೋಂದಣಿಯಲ್ಲಿ ಹೇಗೆ ಬಿತ್ತೋ ಹಾಗೆಯೇ ತೆರಿಗೆ, ವಿಮೆ, ಬ್ಯಾಂಕು ಎಲ್ಲಕ್ಕೂ ಹರಿದುಹೋಗುತ್ತದೆ, ಆಮೇಲೆ ತಿದ್ದಿಸಲು ಒಂದೊಂದು ಕಡೆಯೂ ಪತ್ರ ಬರೆಯಬೇಕು. ಆದ್ದರಿಂದ ವೀಸಾಕ್ಕೆ ಮುಂಚೆಯೇ ಪಾಸ್‌ಪೋರ್ಟಿನಲ್ಲಿ ಹೆಸರು, ಸರ್‌ನೇಮ್ ಎರಡನ್ನೂ ತುಂಬಿಸಿ. ಮದುವೆ ಸರ್ಟಿಫಿಕೇಟಿನಲ್ಲಿ ಒಂದಕ್ಷರವೂ ಆಚೀಚೆ ಇರಬಾರದು. ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಇಂಗ್ಲಿಷ್ ಪ್ರತಿಯನ್ನೂ ಕೇಳಿ ಪಡೆಯಿರಿ. ಕನ್ನಡದಿಂದ ಜರ್ಮನ್‌ಗೆ ಪ್ರಮಾಣಿತ ಅನುವಾದ ಮಾಡುವವರನ್ನು ಹುಡುಕುವುದಕ್ಕಿಂತ ಅದು ಸುಲಭ. ಅಪೊಸ್ಟಿಲ್ ಮುದ್ರೆ ಹಾಕಿಸಿದ್ದೇನೆ, ಇನ್ನೇನೂ ಬೇಡ ಎಂದು ನಿಶ್ಚಿಂತೆಯಿಂದ ಇರಬೇಡಿ. ದಾಖಲೆಗಳಿಗೆ ವಿದೇಶದಲ್ಲೂ ಮಾನ್ಯತೆ ಕೊಡುವ ಆ ಮುದ್ರೆಯ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ ಸೇರಿದಾಗ ಜರ್ಮನಿ ಆಕ್ಷೇಪ ಎತ್ತಿತ್ತು, ಹಾಗಾಗಿ ಎರಡು ದೇಶಗಳ ನಡುವೆ ಅದು ನಡೆಯುವುದಿಲ್ಲ. ಅನುಮಾನ ಬಂದರೆ ಕಾನ್ಸುಲೇಟಿನವರೇ ದಾಖಲೆಯನ್ನು ಊರಲ್ಲಿ ಪರಿಶೀಲಿಸುತ್ತಾರೆ, ಅದಕ್ಕೆ ತಿಂಗಳುಗಳೇ ಹಿಡಿಯುತ್ತವೆ.

ಬಂದಿಳಿದು ಮನೆ ಸೇರಿದ ಎರಡು ವಾರದೊಳಗೆ ಆನ್‌ಮೆಲ್ಡುಂಗ್, ಅಂದರೆ ವಿಳಾಸದ ನೋಂದಣಿ. ಮನೆ ಮಾಲೀಕರು ಸಹಿ ಹಾಕಿದ ವಾಸದ ದೃಢೀಕರಣ ಪತ್ರ ಬೇಕು, ಬಾಡಿಗೆ ಕರಾರು ಅದರ ಬದಲಿಗೆ ನಡೆಯುವುದಿಲ್ಲ. ಅಂಚೆ ಡಬ್ಬಿಯ ಮೇಲೆ ನಿಮ್ಮ ಹೆಸರನ್ನೂ ಅಂಟಿಸಿ, ಗಂಡನ ಹೆಸರು ಇದ್ದರೆ ಸಾಲದು. ತೆರಿಗೆ ಸಂಖ್ಯೆ, ವಿಮೆಯ ಕಾರ್ಡು, ವಿದೇಶಿಯರ ಕಚೇರಿಯ ಕರೆ ಎಲ್ಲವೂ ಬರುವುದು ಅಂಚೆಯಲ್ಲೇ. ಡಬ್ಬಿಯ ಮೇಲೆ ಹೆಸರಿಲ್ಲದಿದ್ದರೆ ಪತ್ರ ವಾಪಸು ಹೋಗುತ್ತದೆ, ನೀವು ಬರಲಿಲ್ಲ ಎಂದು ಅಲ್ಲಿ ಬರೆದುಕೊಳ್ಳುತ್ತಾರೆ.

ಇನ್ನು ಕೋರ್ಸು. 45 ನಿಮಿಷದ ಪಾಠಗಳು ಒಟ್ಟು 700. ಅದರಲ್ಲಿ 600 ಭಾಷೆಗೆ, ನೂರು ನೂರರ ಆರು ಭಾಗವಾಗಿ. ಉಳಿದ 100 ದೇಶದ ಕಾನೂನು, ಇತಿಹಾಸ, ನಡವಳಿಕೆಗೆ. ಗುರಿ ಬಿ1, ಅಂದರೆ ಎ1, ಎ2 ದಾಟಿದ ಮೂರನೆಯ ಮಟ್ಟ. ವಾರಕ್ಕೆ 20 ಪಾಠವಾದರೆ 35 ವಾರ, ರಜೆ ಸೇರಿದರೆ ಹತ್ತಿರ ಹತ್ತಿರ ಒಂದು ವರ್ಷ.

ಕಡ್ಡಾಯವೇ ಎಂದರೆ, ವಿದೇಶಿಯರ ಕಚೇರಿ ಲಿಖಿತವಾಗಿ ಹೇಳಿದರೆ ಕಡ್ಡಾಯ, ಆಮೇಲೆ ಕಾರಣವಿಲ್ಲದೆ ಬಿಟ್ಟರೆ ಪರ್ಮಿಟ್ ನವೀಕರಣದ ಹೊತ್ತಿಗೆ ಕೇಳುತ್ತಾರೆ. ಆದರೆ ಪದವಿ ಓದಿದವರಿಗೆ, ಸ್ವಂತ ಬಲದ ಮೇಲೆ ಬದುಕು ಕಟ್ಟಿಕೊಳ್ಳುತ್ತಾರೆ ಎನಿಸಿದವರಿಗೆ ಅದರ ಅಗತ್ಯ ಕಡಿಮೆ ಎಂದು ಕಚೇರಿ ಸುಮ್ಮನಿರುವುದೂ ಉಂಟು. ನಮ್ಮವರು ಎಡವುವುದು ಇಲ್ಲೇ. ಪತ್ರ ಬರಲಿಲ್ಲ, ಬಚಾವಾದೆವು ಎಂದು ಖುಷಿಪಡುತ್ತಾರೆ. ಕುಟುಂಬ ಸೇರಲು ಬಂದವರಿಗೆ ಈ ಕೋರ್ಸು ಹೊರೆಯಷ್ಟೇ ಅಲ್ಲ, ಹಕ್ಕು ಕೂಡ, ಮತ್ತು ಮೊದಲ ಪರ್ಮಿಟ್ ಕೈಗೆ ಬಂದು ಒಂದು ವರ್ಷಕ್ಕೆ ಆ ಹಕ್ಕು ಮುಗಿಯುತ್ತದೆ. ಆಮೇಲೆ ಜಾಗ ಉಳಿದಿದ್ದರೆ ಕೊಡುತ್ತಾರೆ, ಇಲ್ಲದಿದ್ದರೆ ಇಲ್ಲ. ನನ್ನದು ಹಾಗೇ ಮುಗಿದುಹೋಯಿತು.

ಹಕ್ಕು ಹೋದರೆ ದುಡ್ಡು ಕೊಟ್ಟು ಕಲಿಯಬಹುದಲ್ಲ ಎನ್ನುತ್ತೀರಿ. ಕಲಿಯಬಹುದು, ದುಡ್ಡು ದೊಡ್ಡದಲ್ಲ, ಬೆಳಗಿನ ಹೊತ್ತು ದೊಡ್ಡದು. ವಾರಕ್ಕೆ ಐದು ಬೆಳಗು ಸಂಪೂರ್ಣ ನಿಮ್ಮದಾಗಿರುವುದು ಮೊದಲ ವರ್ಷ ಮಾತ್ರ. ಇಂಗ್ಲಿಷ್ ನಡೆಯುವ ಕಂಪನಿಯಲ್ಲಿ ಕೆಲಸ ಸಿಕ್ಕರೆ, ಮಗು ಆದರೆ, ಸಂಜೆ ತರಗತಿಗೆ ವಾರಕ್ಕೆ ಎರಡು ದಿನ ಹೋದರೂ ಹೆಚ್ಚು. ಆ ವೇಗದಲ್ಲಿ ಹಿಂದಿನ ವಾರದ್ದು ಮರೆತೇ ಹೋಗಿರುತ್ತದೆ. ಹೆರಿಗೆ ಕೋಣೆಯಲ್ಲಿ, ಬಾಲವಾಡಿಯ ಪೋಷಕರ ಸಭೆಯಲ್ಲಿ, ಕೆಳಮನೆಯವರು ಗದ್ದಲ ಎಂದು ಬಾಗಿಲು ತಟ್ಟಿದಾಗ ಗಂಡನ ಮುಖ ನೋಡಬೇಕಾಗುತ್ತದೆ. ಹತ್ತು ವರ್ಷ ಇದ್ದೂ ಮನೆಗೆ ಬಂದ ಪತ್ರವನ್ನು ಫೋನಿಗೆ ಹಿಡಿದು ಓದಿಸುವವರು ನಮ್ಮಲ್ಲಿ ಕಡಿಮೆಯೇನಿಲ್ಲ. ಬೇರೆ ಪರ್ಮಿಟ್‌ನವರ ಹೆಂಡತಿಯರು ಎ1 ಕಲಿತೇ ಬರುತ್ತಾರೆ, ಅದೇ ಓಟದಲ್ಲಿ ಮುಂದೆ ಹೋಗುತ್ತಾರೆ. ವಿನಾಯಿತಿ ಸಿಕ್ಕವರೇ ಹಿಂದೆ ಬೀಳುವುದು.

ಪರ್ಮಿಟಿಗೆ ಬೆರಳಚ್ಚು ಕೊಡಲು ಹೋದ ದಿನವೇ ಕೋರ್ಸಿನ ಅರ್ಹತಾ ಪತ್ರ ಕೇಳಿ. ಅವರು ಕೊಡದಿದ್ದರೆ ವಲಸೆಯ ಕೇಂದ್ರ ಕಚೇರಿಯಾದ ಬಾಂಫ್‌ಗೆ ನೀವೇ ಅರ್ಜಿ ಹಾಕಿ. ಪತ್ರ ಬಂದ ಮೇಲೆ ವಯಸ್ಕರ ಶಿಕ್ಷಣ ಕೇಂದ್ರವಾದ ಫೋಕ್ಸ್‌ಹೋಖ್‌ಶೂಲೆಯಂಥ ಶಾಲೆಗೆ ಹೋದರೆ ಮಟ್ಟ ನೋಡಲು ಚಿಕ್ಕ ಪರೀಕ್ಷೆ ಕೊಡುತ್ತಾರೆ. ಒಂದೇ ಶಾಲೆಯಲ್ಲಿ ಸರದಿ ಕಾಯದೆ ಮೂರ್ನಾಲ್ಕು ಕಡೆ ವಿಚಾರಿಸಿ.

ಕೊನೆಯಲ್ಲಿ ಎರಡು ಪರೀಕ್ಷೆ. ದೇಶದ ಬಗೆಗಿನದಕ್ಕೆ ಹೆದರಬೇಡಿ. ಪ್ರಕಟವಾಗಿರುವ 310 ಪ್ರಶ್ನೆಗಳಿಂದ 33 ಕೇಳುತ್ತಾರೆ, 15 ಸರಿಯಾದರೆ ಪಾಸು, ಮುಂದೆ ಪೌರತ್ವಕ್ಕೂ ಅದೇ ಫಲಿತಾಂಶ ಬೇಕಿದ್ದರೆ 17. ನಮ್ಮವರ ಕಂಠಪಾಠಕ್ಕೆ ಇದು ಯಾವ ಲೆಕ್ಕ. ಭಾಷಾ ಪರೀಕ್ಷೆ ಹಾಗಲ್ಲ. ಒಟ್ಟಾರೆ ಬಿ1 ಸಿಗಬೇಕಾದರೆ ಮಾತಿನಲ್ಲಿ ಬಿ1 ಬರಲೇಬೇಕು, ಜೊತೆಗೆ ಬರವಣಿಗೆ, ಕೇಳು-ಓದು ಈ ಎರಡು ಭಾಗಗಳಲ್ಲಿ ಒಂದರಲ್ಲಾದರೂ ಬರಬೇಕು. ಬರೆದು ಬರೆದು ಅಭ್ಯಾಸ ಮಾಡಿ ಬಾಯಿ ಬಿಡದವರು ಎ2ಗೆ ನಿಲ್ಲುತ್ತಾರೆ. ಕೇಳುವ ಭಾಗದಲ್ಲಿ ಸಂಖ್ಯೆಗಳು ಕೈಕೊಡುತ್ತವೆ, 25ಕ್ಕೆ ಇವರು 'ಐದು ಮತ್ತು ಇಪ್ಪತ್ತು' ಎನ್ನುತ್ತಾರೆ. ಫೋನ್ ನಂಬರು, ರೈಲಿನ ಸಮಯ ಕಿವಿಗೆ ಬಿದ್ದಂತೆ ಬರೆಯಲು ದಿನಾ ಹತ್ತು ನಿಮಿಷ ಕೊಡಿ. ಉಪವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಹೋಗುವುದು ಇಂಗ್ಲಿಷಿನವರಿಗೆ ಕಷ್ಟ, ನಮಗೆ ಅದು ಮನೆಯ ರೂಢಿ. 'ಹುಡುಗಿ' ನಪುಂಸಕ ಲಿಂಗ ಎಂದಾಗ ನಗಬೇಡಿ, ನಮ್ಮ 'ಮಗು' ಕೂಡ ಹಾಗೇ ಅಲ್ಲವೇ.

ಊರಿಗೆ ಎಷ್ಟು ದಿನ ಹೋಗಿರಬಹುದು ಎಂದೂ ಕೇಳಿದ್ದೀರಿ. ಸಾಮಾನ್ಯ ಪರ್ಮಿಟ್ ಆರು ತಿಂಗಳು ಹೊರಗಿದ್ದರೆ ರದ್ದಾಗುತ್ತದೆ, ಬ್ಲೂ ಕಾರ್ಡ್ ಕುಟುಂಬಕ್ಕೆ 12 ತಿಂಗಳು. ಅದಕ್ಕಿಂತ ಮುಖ್ಯವಾದದ್ದು ವೀಸಾ ಮುಗಿದು ಕಾರ್ಡು ಬರುವ ನಡುವಿನ ಕಾಲ. ವೀಸಾ ಮುಗಿಯುವ ಮುಂಚೆಯೇ ಅರ್ಜಿ ಕೊಟ್ಟರೆ ಕಚೇರಿ ಫಿಕ್ಷನ್ ಪತ್ರ, ಅಂದರೆ ಕಾರ್ಡು ಬರುವ ತನಕದ ತಾತ್ಕಾಲಿಕ ಪತ್ರ, ಕೊಡುತ್ತದೆ. ಅದರಲ್ಲಿ ಮೂರು ಚೌಕಗಳಿರುತ್ತವೆ. ಮೂರನೆಯದಕ್ಕೆ, ಅಂದರೆ ವಿದೇಶಿಯರ ವಾಸದ ಕಾನೂನಿನ 81ನೇ ಕಲಮಿನ 4ನೇ ಉಪಕಲಮಿಗೆ, ಗುರುತು ಬಿದ್ದಿದ್ದರೆ ಮಾತ್ರ ಹೊರಗೆ ಹೋಗಿ ವಾಪಸು ಬರಬಹುದು. ಡಿ ವೀಸಾದಲ್ಲಿ ಬಂದವರಿಗೆ ಅದೇ ಬೀಳಬೇಕು, ಆದರೂ ಕೌಂಟರ್ ಬಿಟ್ಟು ಏಳುವ ಮುಂಚೆ ನೋಡಿಕೊಳ್ಳಿ. ಅಪ್ಪನಿಗೆ ಹುಷಾರಿಲ್ಲ ಎಂದು ಫೋನು ಬಂದ ರಾತ್ರಿ ಆ ಕಾಗದ ಬಿಚ್ಚಿ ಚೌಕ ಹುಡುಕುವಂತಾಗಬಾರದು.